ಬುತ್ತಿ ಕಟ್ಟಿದವರು

ಕೆಲವು ವರ್ಷಗಳ ಹಿಂದೆ ಒಂದು ದೀಪಾವಳಿ ವಿಶೇಷಾಂಕಕ್ಕೆ ನಾನೊಂದು ಪ್ರಬಂಧ ಬರೆದಿದ್ದೆ. ವಿಷಯ ನಮ್ಮ ಲಕ್ಷ್ಮೇಶ್ವರದ ಸೀಗಿ ಹುಣ್ಣಿಮೆ. ಕಾಯಿ ಕಟ್ಟಿದ ಹತ್ತಿ, ಕಿತ್ತು ಗುಂಪಿ ಹಾಕಿದ ಶೇಂಗಾ, ಬನ್ನಿಗಿಡದ ಬುಡದಲ್ಲಿ ಸುಣ್ಣ ಹಚ್ಚಿಸಿಕೊಂಡು ಕುಳಿತ ಐದು ಕಲ್ಲಿನ ಪಾಂಡವರು, ಸಾಲುಗಟ್ಟಿ ಹೊರಟ ಚಕ್ಕಡಿಗಳು, ಎತ್ತಿನ ಕೊರಳ ಗಂಟೆ, ಹೊಲದ ತುಂಬ ಚೆಲ್ಲುವ ಚರಗ, ಎಲ್ಲವನ್ನೂ ಪ್ರೀತಿಯಿಂದಲೇ ಬರೆದಿದ್ದೆ. ಕೊನೆಯಲ್ಲಿ ಬೆಂಗಳೂರಿಗೆ ಎರಡು ಏಟು ಹಾಕದೆ ಬಿಟ್ಟಿರಲಿಲ್ಲ. ಆ ಊರಿನಲ್ಲಿ ಋತುಗಳೇ ಇಲ್ಲ, ಅಲ್ಲಿಯ ಜನಕ್ಕೆ ಶರದೃತುವೆಂದರೆ ಅಂಗಡಿಯವರು ಕೊಡುವ ರಿಯಾಯಿತಿ ಮಾತ್ರ, ಬಯಲೆಂಬುದನ್ನೇ ಕಾಣದ ಮಕ್ಕಳು ಅಲ್ಲಿ ಬೆಳೆಯುತ್ತಿವೆ, ಹೀಗೆ. ಓದಿದವರು ಮೆಚ್ಚಿಕೊಂಡರು. ಇಬ್ಬರು ಪತ್ರ ಬರೆದರು. ಶಾಲೆಯ ಸ್ಟಾಫ್ ರೂಮಿನಲ್ಲಿ ಪೇಢೆಯೂ ಹಂಚಿದೆ.

ಆ ಪ್ರಬಂಧವನ್ನು ಈಗ ನಾನೇ ವಿಮರ್ಶೆ ಮಾಡಬೇಕಾಗಿ ಬಂದಿದೆ. ಬೇರೆಯವರ ಪುಸ್ತಕದ ತಪ್ಪು ಎತ್ತುವುದು ಸುಲಭ. ತನ್ನದೇ ಬರಹವನ್ನು, ಅದೂ ಮೆಚ್ಚುಗೆ ಪಡೆದದ್ದನ್ನು, ಎತ್ತಿ ಝಾಡಿಸುವುದು ಒಗೆದು ಮಡಚಿಟ್ಟ ಸೀರೆಯನ್ನು ಮತ್ತೆ ನೀರಿಗೆ ಹಾಕಿದಂತೆ. ಆದರೂ ಕಲೆ ಕಂಡ ಮೇಲೆ ಉಟ್ಟುಕೊಳ್ಳುವುದು ಹೇಗೆ?

ಕಲೆ ತೋರಿಸಿದವಳು ನನ್ನ ಮಗಳು. 2024ರ ನವೆಂಬರಿನಲ್ಲಿ ಬೆಂಗಳೂರಿನ ವಿಜಯನಗರದಲ್ಲಿರುವ ಅವಳಿಗೆ ಡೆಂಗಿ ಜ್ವರ ಬಂದು ಎದ್ದಿತ್ತು. ಆರೈಕೆಗೆಂದು ನಾನು ಹತ್ತು ದಿನ ರಜೆ ಹಾಕಿ ಹೋಗಿದ್ದೆ. ಮಲಗಿ ಮಲಗಿ ಬೇಸತ್ತವಳು ಕಪಾಟಿನಿಂದ ಆ ಹಳೆಯ ವಿಶೇಷಾಂಕ ತೆಗೆದು ನನ್ನ ಪ್ರಬಂಧವನ್ನು ಗಟ್ಟಿಯಾಗಿ ಓದತೊಡಗಿದಳು. ನಾನು ಅಡಿಗೆಮನೆಯಿಂದಲೇ ಕೇಳುತ್ತ ಒಳಗೊಳಗೇ ಉಬ್ಬುತ್ತಿದ್ದೆ. ಮುಗಿಸಿ ಕೇಳಿದಳು:

‘ಅವ್ವಾ, ಇದರಾಗ ನೀ ಎಲ್ಲಿ ಅದಿ?’

‘ಎಲ್ಲಿ ಅಂದ್ರ? ನಾನ ಬರದದ್ದು ಅದು.’

‘ಬರದಾಕಿ ನೀನ. ಆದ್ರ ಹೊಲಕ್ಕ ಸೂರ್ಯ ಹುಟ್ಟೂದು ನೋಡಿದ್ದು, ಇಬ್ಬನಿ ತುಳದದ್ದು, ಇದೆಲ್ಲಾ ಯಾರು? ನನಗ ನೆನಪಿದ್ದಂಗ ಆ ಹೊತ್ತಿನಾಗ ನೀನು, ಅಜ್ಜಿ ಒಲಿ ಮುಂದ ಇರ್ತಿದ್ರಿ. ನಾವು ಚಕ್ಕಡ್ಯಾಗ ಹ್ವಾದ ಮ್ಯಾಲೆ, ಬಿಸಲು ಏರಿದ ಮ್ಯಾಲೆ ನೀವು ಬುಟ್ಟಿ ಹೊತ್ಕೊಂಡು ಬರ್ತಿದ್ರಿ.’

ನನ್ನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ನಿಜ. ಮದುವೆಯಾಗಿ ಇಷ್ಟು ವರ್ಷದಲ್ಲಿ ಒಂದು ಸೀಗಿ ಹುಣ್ಣಿಮೆಯಂದೂ ನಾನು ಹೊಲದಲ್ಲಿ ಸೂರ್ಯೋದಯ ಕಂಡವಳಲ್ಲ. ಹಾಗಾದರೆ ಆ ಇಬ್ಬನಿ, ಆ ಎಳೆ ಬಿಸಿಲು ನನ್ನ ಲೇಖನಿಗೆ ಎಲ್ಲಿಂದ ಬಂದವು? ಬೇರೆಯವರು ಬರೆದ ಇಂಥ ಪ್ರಬಂಧಗಳಿಂದ ಬಂದವು.

ನಮ್ಮ ಕಡೆ ಸೀಗಿ ಹುಣ್ಣಿಮೆಯೆಂದರೆ ಭೂತಾಯಿಗೆ ಬಯಕೆಯ ಊಟ. ಆಶ್ವೀಜ ಮಾಸದ ಹುಣ್ಣಿಮೆ, ಪಂಚಾಂಗದವರ ಶರತ್ಪೂರ್ಣಿಮೆ. ಪೈರು ಹೊಟ್ಟೆಯಲ್ಲಿಟ್ಟುಕೊಂಡ ಭೂಮಿ ಬಸುರಿ ಹೆಂಗಸು, ಅವಳು ಬಯಸಿದ್ದನ್ನೆಲ್ಲ ಮಾಡಿ ಬಡಿಸಬೇಕು ಎಂಬ ಭಾವ. ಭಾವ ಬಹಳ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಬಯಕೆಯ ಯಾದಿ ನೋಡಿರಿ: ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಜೋಳದ ಕಡಕ್ ರೊಟ್ಟಿ, ಶೇಂಗಾ ಹೋಳಿಗೆ, ಕರಿಗಡಬು, ಎಣ್ಣೆಗಾಯಿ, ಪುಂಡಿಪಲ್ಯ, ಮಡಿಕೆ ಕಾಳಿನ ಉಸುಳಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ, ಕೆಂಪು ಮೆಣಸಿನಕಾಯಿ ಚಟ್ನಿ, ಬುತ್ತಿಯನ್ನ, ಚರಗಕ್ಕೆ ಬೇರೆಯೇ ಅನ್ನ. ನಮ್ಮ ಮನೆಯಲ್ಲಿ ನೂರಿಪ್ಪತ್ತು ರೊಟ್ಟಿಗೆ ಕಡಿಮೆ ಬಡಿದದ್ದಿಲ್ಲ. ಕಡಕ್ ರೊಟ್ಟಿ ಎರಡು ದಿನ ಮೊದಲೇ ಆಗುತ್ತವೆ. ಹೋಳಿಗೆ, ಕಡುಬು ಮಾತ್ರ ಅಂದೇ ಆಗಬೇಕು. ನಸುಕಿನ ಮೂರಕ್ಕೆ ಒಲೆ ಹೊತ್ತಿದರೆ ಒಂಬತ್ತರ ತನಕ ಬೆನ್ನು ಎತ್ತುವಂತಿಲ್ಲ. ಆಮೇಲೆ ಸ್ನಾನ, ಮಡಿ, ಬುಟ್ಟಿ ತುಂಬುವುದು, ಯಾವುದರ ಮೇಲೆ ಯಾವುದಿಟ್ಟರೆ ಹೋಳಿಗೆ ಮುರಿಯುವುದಿಲ್ಲ ಎಂಬ ಲೆಕ್ಕ. ಹೊಲ ಮುಟ್ಟುವುದರೊಳಗೆ ಬಿಸಿಲು ನೆತ್ತಿಗೆ ಬಂದಿರುತ್ತದೆ. ಪೂಜೆಯಾದ ಮೇಲೆ ಗಂಡಸರು ಕೂಗು ಹಾಕುತ್ತ ಚರಗ ಚೆಲ್ಲುತ್ತ ಹೊಲ ಸುತ್ತುತ್ತಾರೆ, ಹಿಂದೆ ಒಬ್ಬ ನೀರು ಚಿಮುಕಿಸುತ್ತ ಹೋಗುತ್ತಾನೆ. ನಾವು ಎಲೆ ಹಾಕುತ್ತೇವೆ. ಬಡಿಸಿ, ತಾವು ಉಂಡು, ಪಾತ್ರೆ ಕಟ್ಟುವಷ್ಟರಲ್ಲಿ ‘ಹೊತ್ತಾತು, ನಡೀರಿ’ ಎಂಬ ಮಾತು. ಭೂತಾಯಿಯ ಬಯಕೆ ತೀರಿಸಿದವಳ ಬಯಕೆಯೇನೆಂದು ಕೇಳಿದರೆ, ಅರ್ಧ ಗಂಟೆ ಕಾಲು ಚಾಚಿ ಕುಳಿತುಕೊಳ್ಳುವುದು ಅಂತ ಯಾರಾದರೂ ಹೇಳಿಯಾಳು. ಕೇಳುವವರು ಬೇಕಲ್ಲ.

ನನ್ನ ಪ್ರಬಂಧದಲ್ಲಿ ಇದೆಲ್ಲ ಒಂದೇ ವಾಕ್ಯವಾಗಿತ್ತು. ‘ತಾಯಂದಿರು ಬಗೆಬಗೆಯ ಭಕ್ಷ್ಯಗಳನ್ನು ಸಿದ್ಧಪಡಿಸುತ್ತಾರೆ.’ ಆ ತಾಯಂದಿರಲ್ಲಿ ನಾನೂ ಒಬ್ಬಳು ಎಂಬುದನ್ನು ಬರೆಯುವಾಗ ಮರೆತೇಬಿಟ್ಟಿದ್ದೆ.

ಇದು ನನ್ನೊಬ್ಬಳ ಮರೆವಲ್ಲ ಎಂದು ಹೇಳಿಕೊಂಡು ಸ್ವಲ್ಪ ಸಮಾಧಾನಪಟ್ಟುಕೊಳ್ಳುತ್ತೇನೆ. ಇದಕ್ಕೆ ದೊಡ್ಡ ಪರಂಪರೆಯೇ ಇದೆ. ಪರಂಪರೆಯ ವಿಷಯ ಬಂದಾಗ ನಮ್ಮೂರವರಿಗೆ ಒಂದಿಷ್ಟು ಹಮ್ಮು. ಲಕ್ಷ್ಮೇಶ್ವರವೇ ಹಳೆಯ ಪುಲಿಗೆರೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಕನ್ನಡದ ತಿರುಳು ನಾಡನ್ನು ಗುರುತಿಸುವಾಗ ಹೇಳುವ ನಾಲ್ಕು ಊರುಗಳಲ್ಲಿ ನಮ್ಮದೂ ಒಂದು. 941ರಲ್ಲಿ ವಿಕ್ರಮಾರ್ಜುನ ವಿಜಯವನ್ನು ಬರೆದ ಪಂಪ ತನ್ನ ಕನ್ನಡ ಪುಲಿಗೆರೆಯ ತಿರುಳ್ಗನ್ನಡ ಎಂದು ಹೇಳಿಕೊಂಡಿದ್ದಾನೆ. ಸೋಮೇಶ್ವರ ಗುಡಿಯ ಮುಂದೆ ಮಕ್ಕಳನ್ನು ನಿಲ್ಲಿಸಿ ಈ ಮಾತು ಹೇಳುವಾಗ ಈಗಲೂ ನನ್ನ ದನಿ ಏರುತ್ತದೆ.

ಹಳೆಯ ಕಾವ್ಯ ಓದಿದವರಿಗೆ ಅಷ್ಟಾದಶ ವರ್ಣನೆಯ ಪರಿಚಯ ಇದ್ದೇ ಇದೆ. ಮಹಾಕಾವ್ಯವೆಂದರೆ ಅದರಲ್ಲಿ ಇಂತಿಷ್ಟು ವರ್ಣನೆಗಳಿರಬೇಕು: ಸಮುದ್ರ, ಪರ್ವತ, ನಗರ, ಋತು, ಚಂದ್ರೋದಯ, ಉದ್ಯಾನ ವಿಹಾರ, ಜಲಕ್ರೀಡೆ, ಮಧುಪಾನ ಇತ್ಯಾದಿ. ದಂಡಿಯ ಕಾವ್ಯಾದರ್ಶದಿಂದ ಬಂದ ಕಟ್ಟಳೆ. ಯೋಚಿಸಿದರೆ ಇದರಲ್ಲಿ ಅರ್ಧದಷ್ಟು ದೊಡ್ಡ ಪಟ್ಟಣದ ಜನ ಊರ ಹೊರಗೆ ಹೋಗಿ ಹಿತವಾದ ಹವೆಯಲ್ಲಿ ಕಾಲ ಕಳೆಯುವ ಚಿತ್ರ. ಹೊರಟವರಲ್ಲಿ ಹೆಂಗಸರು ಬೇಕಾದಷ್ಟು ಇರುತ್ತಾರೆ. ಹೂ ಕೊಯ್ಯುತ್ತಾರೆ, ನೀರೆರಚುತ್ತಾರೆ, ದಣಿಯುತ್ತಾರೆ. ಬೆವರು ಬಂದರೆ ಅದಕ್ಕೊಂದು ಮುತ್ತಿನ ಉಪಮೆ ಕಾದಿರುತ್ತದೆ. ಆದರೆ ಆ ಹೆಂಗಸರು ನೋಡುವವರಲ್ಲ, ನೋಡಿಸಿಕೊಳ್ಳುವವರು. ಮರ ಹೇಗಿತ್ತು, ನೀರು ಎಷ್ಟು ತಣ್ಣಗಿತ್ತು ಎಂಬುದು ಅವರ ಬಾಯಿಂದ ಬರುವುದಿಲ್ಲ. ಇನ್ನು ವಿಹಾರಕ್ಕೆ ಹೋದವರು ಹಸಿದಾಗ ಉಣ್ಣಲು ಬುತ್ತಿ ಕಟ್ಟಿದವರು ಯಾರು ಎಂಬುದಂತೂ ಹದಿನೆಂಟರಲ್ಲಿ ಒಂದು ವರ್ಣನೆಯೂ ಅಲ್ಲ. ಕಾಳಿದಾಸನದೆಂದು ಹೇಳುವ ಋತುಸಂಹಾರದಲ್ಲಿ ಶರದೃತು ನವವಧುವಿನಂತೆ ಬರುತ್ತದೆ. ಹೋಲಿಕೆ ಚೆಂದ. ಆದರೆ ಹೊಸ ಸೊಸೆ ಎಂದೊಡನೆ ನನಗೆ ಅವಳ ಚೆಲುವಿಗಿಂತ ಮೊದಲು ಅವಳು ಬೆಳಿಗ್ಗೆ ಎಷ್ಟು ಗಂಟೆಗೆ ಏಳಬೇಕಾಗುತ್ತದೆ ಎಂಬುದೇ ನೆನಪಾಗುತ್ತದೆ. ಇದು ಕವಿಯ ತಪ್ಪಲ್ಲ, ನನ್ನ ಅನುಭವದ ದೋಷ ಎನ್ನಿ.

ಪಂಪನ ಕಾಲ ಹೋಯಿತು, ನಮ್ಮ ಕಾಲದ ಪ್ರಬಂಧಕಾರರು ಬಂದರು. ಹಳ್ಳಿಯಿಂದ ಹೋಗಿ ಪಟ್ಟಣ ಸೇರಿದವರು ವರ್ಷಕ್ಕೊಮ್ಮೆ ಹಬ್ಬದ ಸಂಚಿಕೆಗೆ ಊರು ನೆನೆಸಿಕೊಂಡು ಬರೆಯುವ ಒಂದು ಬಗೆ ಇದೆ. ಅದನ್ನು ನಾನು ತುಚ್ಛವಾಗಿ ಕಾಣುವುದಿಲ್ಲ. ಮರೆತುಹೋಗುತ್ತಿದ್ದ ಎಷ್ಟೋ ಹೆಸರುಗಳನ್ನು, ಸಲಕರಣೆಗಳನ್ನು, ಆಟಗಳನ್ನು ಅವು ಉಳಿಸಿವೆ. ಆದರೆ ಅವುಗಳಲ್ಲಿ ಅವ್ವ ಯಾವಾಗಲೂ ಒಲೆಯ ಬೆಳಕಿನಲ್ಲೇ ಕುಳಿತಿರುತ್ತಾಳೆ, ಅವಳ ಮುಖ ಸದಾ ಕೆಂಪಗೆ ಬೆಳಗುತ್ತಿರುತ್ತದೆ. ಬರೆದ ಮಗ ಆಗ ಬಯಲಿನಲ್ಲಿ ಗಾಳಿಪಟ ಹಾರಿಸುತ್ತಿದ್ದನಲ್ಲ, ಅವನಿಗೆ ಅಷ್ಟೇ ಕಾಣಿಸುವುದು ಸಹಜ. ಒಲೆಯ ಮುಂದೆ ಕುಳಿತಿದ್ದ ನಾನೂ ಗಾಳಿಪಟ ಹಾರಿಸಿದವನ ಕಣ್ಣಿನಿಂದಲೇ ಬರೆದೆನಲ್ಲ, ಅದು ಸಹಜವಲ್ಲ.

ಆ ಶನಿವಾರ ಮಗಳು ಇನ್ನೊಂದು ಮಾತು ಹೇಳಿದಳು. ‘ಇವತ್ತ ನೀ ಅಡಿಗಿ ಮಾಡಬ್ಯಾಡ. ನಾ ಈಗ ಅರಾಮ ಅದೇನಿ. ಹೊರಗ ಹೋಗಿ ಬಾ.’

‘ಎಲ್ಲಿಗೆ?’

‘ಎಲ್ಲಿಗರೆ. ಕಬ್ಬನ್ ಪಾರ್ಕಿಗೆ ಹೋಗು. ಸುಮ್ನ ಕುಂತು ಬಾ.’

‘ಏನರೆ ತರೂದೈತೇನು ಅಲ್ಲಿಂದ?’

ಅವಳು ನಕ್ಕಳು. ನನಗೆ ನಗುವಂಥದ್ದೇನೂ ಕಾಣಲಿಲ್ಲ. ನಾನು ಮನೆಯಿಂದ ಹೊರಬಿದ್ದದ್ದೆಲ್ಲ ಶಾಲೆಗೆ, ಸಂತೆಗೆ, ಗುಡಿಗೆ, ದವಾಖಾನೆಗೆ, ಮದುವೆ ಮುಂಜಿವೆಗೆ. ಏನೂ ತರದೆ, ಯಾರನ್ನೂ ಕಾಣದೆ, ಯಾವ ದೇವರಿಗೂ ಕೈಮುಗಿಯದೆ ಹೊರಗೆ ಹೋಗಿ ಬರುವುದು ಎಂದರೆ ಹೇಗೆ? ಮುಂಬಯಿಯ ಹೆಂಗಸರನ್ನು ಕುರಿತು ಶಿಲ್ಪಾ ಫಡ್ಕೆ, ಸಮೀರಾ ಖಾನ್, ಶಿಲ್ಪಾ ರಾನಡೆ ಎಂಬ ಮೂವರು 2011ರಲ್ಲಿ ‘ವೈ ಲಾಯ್ಟರ್?’ ಎಂಬ ಇಂಗ್ಲಿಷ್ ಪುಸ್ತಕ ಬರೆದಿದ್ದಾರೆ. ಸುಮ್ಮನೆ ಯಾಕೆ ಅಡ್ಡಾಡಬಾರದು ಎಂಬುದು ಅದರ ವಾದ. ಹೆಂಗಸು ಬೀದಿಯಲ್ಲಿ ಕಾಣಿಸಿದರೆ ಅವಳ ಕೈಯಲ್ಲೊಂದು ಕಾರಣವಿರಬೇಕು, ಚೀಲವೋ, ಮಗುವೋ, ಫೋನೋ. ಕೆಲಸವಿಲ್ಲದೆ ನಿಂತ ಹೆಂಗಸು ಜನರ ಕಣ್ಣಿಗೆ ಕಸರು. ಮಗಳ ಹತ್ತಿರ ಇದ್ದ ಆ ಪುಸ್ತಕವನ್ನು ನಾನು ಆಮೇಲೆ ಓದಿದೆ. ಅಂದು ಅದಾವುದೂ ತಿಳಿಯದೆ ಕೈಯಲ್ಲೊಂದು ಬಟ್ಟೆಯ ಚೀಲ ಹಿಡಿದೇ ಹೊರಟೆ. ಚೀಲದಲ್ಲಿ ಒಂದು ಬಾಟಲಿ ನೀರು ಬಿಟ್ಟರೆ ಏನೂ ಇರಲಿಲ್ಲ.

ವಿಜಯನಗರದಿಂದ ಮೆಟ್ರೋದಲ್ಲಿ ನೇರವಾಗಿ ಕಬ್ಬನ್ ಪಾರ್ಕಿಗೆ ಇಳಿಯಬಹುದು. 1870ರಲ್ಲಿ ರಿಚರ್ಡ್ ಸ್ಯಾಂಕಿ ಎಂಬ ಇಂಜಿನಿಯರು ಮಾಡಿಸಿದ ತೋಟ ಅದು. 1927ರಿಂದ ಅದರ ಅಧಿಕೃತ ಹೆಸರು ಶ್ರೀ ಚಾಮರಾಜೇಂದ್ರ ಉದ್ಯಾನವನ. ಆ ಹೆಸರಿನಿಂದ ಕೇಳಿದರೆ ಆಟೋದವರು ಮುಖ ನೋಡುತ್ತಾರೆ. ಒಂದು ಕಡೆ ಹಳೆಯ ಪೇಟೆ, ಇನ್ನೊಂದು ಕಡೆ ಇಂಗ್ಲಿಷರ ದಂಡು, ನಡುವೆ ಈ ಹಸಿರು. ಒಳಗೆ ಹೋಗಲು ಟಿಕೇಟಿಲ್ಲ.

ಬೆಂಗಳೂರಿಗೆ ಋತುವಿಲ್ಲ ಎಂದು ಬರೆದಿದ್ದೆನಲ್ಲ, ಆ ವಾಕ್ಯ ಮೊದಲ ಅರ್ಧ ಗಂಟೆಯಲ್ಲೇ ಬಿತ್ತು. ಆಕಾಶಮಲ್ಲಿಗೆಯ ಮರದ ಕೆಳಗೆ ಬಿಳಿಯ ಉದ್ದ ಕೊಳವೆಯ ಹೂ ನೆಲ ಕಾಣದಂತೆ ಉದುರಿದ್ದವು. ಬಿರಟೆ ಮರ ಎಂದರೂ ಇದೇ. ರಾತ್ರಿ ಅರಳಿ ಬೆಳಗಿನೊಳಗೆ ಉದುರುವ ಹೂ, ದಸರೆಯಿಂದ ಕಾರ್ತಿಕದಾಚೆಗೂ ಅದರ ಕಾಲ. ಕೆಲವು ಮರಗಳಲ್ಲಿ ಗುಲಾಬಿ ಬಣ್ಣದ ಟಬೂಬಿಯಾ ಆಗಲೇ ಶುರುವಾಗಿತ್ತು. ಬಿಸಿಲಿತ್ತು, ಆದರೆ ಅದು ನಮ್ಮ ಕಡೆಯ ಬಿಸಿಲಲ್ಲ. ಹಿಂದಿನ ತಿಂಗಳು ಸುರಿದ ಮಳೆ ಎಲೆಗಳನ್ನೆಲ್ಲ ತೊಳೆದು ಹೋಗಿತ್ತು. 2024ರ ಅಕ್ಟೋಬರಿನ ಆ ಮಳೆಗೆ ಯಲಹಂಕದ ಕಡೆ ಮನೆಗಳಿಗೇ ನೀರು ನುಗ್ಗಿ ಜನ ಪಟ್ಟ ಪಾಡು ಬೇರೆ. ಕೆರೆಯ ಜಾಗದಲ್ಲಿ ಮನೆ ಕಟ್ಟಿದ ಊರಿಗೆ ಶರದೃತು ಹಾಗೂ ಒಮ್ಮೆ ಬರುತ್ತದೆ.

ಬಿದಿರು ಮೆಳೆಯ ಹತ್ತಿರ ಒಂದು ಕಲ್ಲಿನ ಬಾಕಿನ ಮೇಲೆ ಕುಳಿತೆ. ಎದುರಿಗೆ ಹುಲ್ಲಿನ ಮೇಲೆ ಚಾದರ ಹಾಸಿಕೊಂಡು ಮೂವತ್ತು ನಲವತ್ತು ಜನ ಹರೆಯದವರು ಮಾತಿಲ್ಲದೆ ಪುಸ್ತಕ ಓದುತ್ತಿದ್ದರು. 2023ರ ಸುಮಾರಿಗೆ ಪ್ರಸಿದ್ಧವಾದ ‘ಕಬ್ಬನ್ ರೀಡ್ಸ್’ ಎಂಬ ಶನಿವಾರದ ಓದು ಇದು ಎಂದು ಆಮೇಲೆ ತಿಳಿಯಿತು. ಯಾರೂ ಭಾಷಣ ಮಾಡುವುದಿಲ್ಲ, ಹಾಜರಿ ತೆಗೆಯುವುದಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ‘ಮನಸ್ಸಿನಲ್ಲಿ ಓದಿಕೊಳ್ಳಿ’ ಎಂದು ಗದರಿಸಿದವಳಿಗೆ ಇದು ಸೋಜಿಗವೇ. ಕೆಲವು ಹುಡುಗಿಯರು ಪುಸ್ತಕವನ್ನು ಎದೆಯ ಮೇಲೆ ಇಟ್ಟುಕೊಂಡು ಮಲಗಿದ್ದರು. ಬಯಲಿನಲ್ಲಿ, ಹಗಲು ಹೊತ್ತಿನಲ್ಲಿ, ಅಂಗಾತ! ನನ್ನ ಬಾಯಿಗೆ ಮೊದಲು ಬಂದದ್ದು ಶಾಲೆಯ ಮಾತೇ: ‘ಏಳ್ರೇ, ಸರಿಯಾಗಿ ಕೂತ್ಕೊಳ್ರಿ’. ಪುಣ್ಯಕ್ಕೆ ಬಾಯಿ ಬಿಡಲಿಲ್ಲ.

ಮನೆಗೆ ಬಂದು ಇದನ್ನು ಹೇಳಿದಾಗ ಮಗಳು ಇನ್ನೊಂದು ಸಂಗತಿ ತಿಳಿಸಿದಳು. ಬೆಂಗಳೂರಿನಲ್ಲಿ ಜಸ್ಮೀನ್ ಪತೇಜಾ ಎಂಬ ಕಲಾವಿದೆ 2003ರಲ್ಲಿ ಆರಂಭಿಸಿದ ‘ಬ್ಲ್ಯಾಂಕ್ ನಾಯ್ಸ್’ ಎಂಬ ಬಳಗವಿದೆಯಂತೆ, ಬೀದಿಯಲ್ಲಿ ಹೆಂಗಸರಿಗಾಗುವ ಕಿರುಕುಳದ ವಿರುದ್ಧ ಕೆಲಸ ಮಾಡುವವರು. ಅವರು ಹೆಂಗಸರನ್ನು ಕೂಡಿಸಿ ಪಾರ್ಕಿಗೆ ಕರೆದುಕೊಂಡು ಹೋಗಿ ಹುಲ್ಲಿನ ಮೇಲೆ ನಿದ್ದೆ ಮಾಡಿಸುತ್ತಾರೆ. ‘ಮೀಟ್ ಟು ಸ್ಲೀಪ್’ ಎಂದು ಅದರ ಹೆಸರು. ಘೋಷಣೆ ಇಲ್ಲ, ಬ್ಯಾನರು ಹಿಡಿದು ಮೆರವಣಿಗೆ ಇಲ್ಲ. ಬರೇ ನಿದ್ದೆ. ಮೊದಲು ಕೇಳಿದಾಗ ನಗು ಬಂತು. ರಾತ್ರಿ ಮಲಗಿದಾಗ ಲೆಕ್ಕ ಹಾಕಿದೆ: ಗಂಡಸರು ಬಸ್ ಸ್ಟ್ಯಾಂಡಿನಲ್ಲಿ, ಗುಡಿಯ ಕಟ್ಟೆಯ ಮೇಲೆ, ಸಂತೆಯ ಗಿಡದ ನೆರಳಿನಲ್ಲಿ ಟವೆಲ್ ಮುಖಕ್ಕೆ ಹಾಕಿಕೊಂಡು ಮಲಗಿದ್ದನ್ನು ದಿನಾ ಕಾಣುತ್ತೇನೆ. ಮನೆಯ ಗೋಡೆಯಾಚೆ ಹಗಲಲ್ಲಿ ನಾನೆಂದಾದರೂ ಕಣ್ಣು ಮುಚ್ಚಿದ್ದೇನೆಯೇ? ರೇಲ್ವೆಯಲ್ಲಿ ಕೂಡ ಪರ್ಸಿನ ಹಿಡಿಕೆ ಮಣಿಕಟ್ಟಿಗೆ ಸುತ್ತಿಕೊಂಡು ಅರೆಗಣ್ಣಿನಲ್ಲೇ.

ಅಂದು ಬಾಕಿನ ಮೇಲೆ ನಾನು ಮಲಗಲಿಲ್ಲ. ಒಂದೂವರೆ ಗಂಟೆ ಕುಳಿತೆ, ಅಷ್ಟೇ. ಮೊದಲ ಇಪ್ಪತ್ತು ನಿಮಿಷ ಚೀಲ ಸರಿಪಡಿಸಿದೆ, ಗಡಿಯಾರ ನೋಡಿದೆ, ಯಾರೋ ಬರುವವರಿದ್ದಾರೆ ಎಂಬಂತೆ ದಾರಿ ನೋಡಿದೆ. ಯಾರೂ ನನ್ನನ್ನು ನೋಡುತ್ತಿಲ್ಲವೆಂದು ಖಾತ್ರಿಯಾದ ಮೇಲೆ ಚಪ್ಪಲಿ ಬಿಟ್ಟು ಕಾಲು ಮೇಲೆ ತೆಗೆದುಕೊಂಡೆ. ಬಿದಿರಿನ ಕಿರ್ರೆನ್ನುವ ಸಪ್ಪಳ ಕೇಳಿಸಿತು. ಅಳಿಲೊಂದು ಯಾರೋ ಬಿಟ್ಟುಹೋದ ಬಿಸ್ಕೀಟಿನ ಚೂರನ್ನು ಎರಡೂ ಕೈಯಲ್ಲಿ ಹಿಡಿದು ತಿಂದಿತು. ಇಷ್ಟೇ ನಡೆದದ್ದು. ದೊಡ್ಡ ಊರು ನನಗೆ ಕೊಟ್ಟದ್ದು ಗಿಡಮರಗಳನ್ನಲ್ಲ, ಗಿಡಮರ ನಮ್ಮಲ್ಲೂ ಇವೆ. ನನ್ನ ಗುರುತಿನವರು ಒಬ್ಬರೂ ಇಲ್ಲದ ಒಂದೂವರೆ ಗಂಟೆಯನ್ನು ಅದು ಕೊಟ್ಟಿತು. ಲಕ್ಷ್ಮೇಶ್ವರದಲ್ಲಿ ನಾನು ಹೀಗೆ ಒಬ್ಬಳೇ ಬಯಲಲ್ಲಿ ಕುಳಿತರೆ ಹತ್ತು ನಿಮಿಷದೊಳಗೆ ಯಾರಾದರೂ ಬಂದು ‘ಯಾಕ್ರೀ ಟೀಚರ, ಆರಾಮ ಇಲ್ಲೇನು?’ ಎಂದು ಕೇಳುತ್ತಿದ್ದರು. ಆ ಕೇಳುವಿಕೆಯಲ್ಲಿ ಅಂತಃಕರಣವಿದೆ, ಅದನ್ನೂ ಅಲ್ಲಗಳೆಯಲಾರೆ.

ಇಷ್ಟಕ್ಕೇ ನಿಲ್ಲಿಸಿದರೆ ಹಳೆಯ ಪ್ರಬಂಧವನ್ನು ತಿರುವಿ ಹಾಕಿದಂತಾಗುತ್ತದೆ ಅಷ್ಟೇ: ಊರು ಕೆಟ್ಟದ್ದು, ಪಟ್ಟಣ ಒಳ್ಳೆಯದು. ಹಾಗಾಗದಂತೆ ಎರಡು ದಿನದ ಮೇಲೆ ಕಡಲೆಕಾಯಿ ಪರಿಷೆ ನನ್ನನ್ನು ತಡೆಯಿತು.

ನವೆಂಬರ್ 25, ಕಾರ್ತಿಕದ ಕಡೆಯ ಸೋಮವಾರ. ಬಸವನಗುಡಿಯ ದೊಡ್ಡ ಬಸವಣ್ಣನ ಗುಡಿಯ ರಸ್ತೆಯುದ್ದಕ್ಕೂ ಈ ಜಾತ್ರೆ. ಹೆಸರಿನಲ್ಲೇ ನನಗೆ ಮೊದಲ ಪೆಟ್ಟು. ನಮ್ಮ ಕಡೆ ಕಡಲೆಯೆಂದರೆ ಹಿಂಗಾರಿಯ ಕಡಲೆ. ಕಡಲೆಕಾಯಿ ಎಂದರೆ ಹಸಿರು ಗಿಡ ಸುಡಿಗಟ್ಟಿ ತಂದು ಸುಲಿದು ತಿನ್ನುವ ಸುಲಗಾಯಿಯೇ ಕಣ್ಣಿಗೆ ಬರುತ್ತದೆ. ಹೋಗಿ ನೋಡಿದರೆ ಗುಡ್ಡೆ ಗುಡ್ಡೆ ಶೇಂಗಾ! ಹಸಿಯದು, ಹುರಿದದ್ದು, ಕುದಿಸಿದ್ದು, ಎರಡು ಬೀಜದ್ದು, ಮೂರು ಬೀಜದ್ದು. ಶೇಂಗಾ ಬೆಳೆಯುವ ಊರಿನಿಂದ ಬಂದವಳು ನಾನು, ಬೆಂಗಳೂರಿಗೆ ಬಂದು ಸೇರಿನ ಲೆಕ್ಕದಲ್ಲಿ ಶೇಂಗಾ ಕೊಂಡೆ. ಹಿಂದೆ ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿ, ದಾಸರಹಳ್ಳಿಗಳ ಹೊಲದಲ್ಲಿ ಬಸವವೊಂದು ರಾತ್ರಿ ಬಂದು ಬೆಳೆ ಮೇಯುತ್ತಿತ್ತು, ರೈತರು ಮೊದಲ ಫಸಲು ಒಪ್ಪಿಸುವ ಹರಕೆ ಹೊತ್ತರು ಎಂಬುದು ಕತೆ. ಆ ಹಳ್ಳಿಗಳೆಲ್ಲ ಈಗ ಬಡಾವಣೆಗಳು. ಹೊಲ ಹೋಯಿತು, ಹರಕೆ ಉಳಿಯಿತು. ಬೆಳೆಯಾದರೂ ಮೂಲತಃ ಇಲ್ಲಿಯದೇ? ಬಿ.ಜಿ.ಎಲ್. ಸ್ವಾಮಿಯವರು ತಮ್ಮ ಪುಸ್ತಕಕ್ಕೆ ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ’ ಎಂದು ಹೆಸರಿಟ್ಟದ್ದು ಸುಮ್ಮನಲ್ಲ, ಶೇಂಗಾ ಕೂಡ ಆ ಖಂಡದಿಂದ ಹಡಗು ಹತ್ತಿ ಬಂದ ಗಿಡ. ಅಷ್ಟು ದೂರದಿಂದ ಬಂದದ್ದನ್ನು ಬಸವಣ್ಣ ತನ್ನದೆಂದು ಮೇಯ್ದನಲ್ಲ ಎಂದು ನನಗೆ ಖುಷಿಯಾಯಿತು.

ಜನ ಜನ ಜನ. ಬೇರೆ ಊರಿನಿಂದ ಬಂದು ಕಂಪನಿಗಳಲ್ಲಿ ದುಡಿಯುವ ಹುಡುಗ ಹುಡುಗಿಯರು, ಮೊಮ್ಮಕ್ಕಳ ಕೈ ಹಿಡಿದ ಅಜ್ಜಿಯರು, ಬತ್ತಾಸು, ಬಳೆ, ಗಿರಿಗಿಟ್ಲೆ. ವರ್ಷಕ್ಕೆ ಎರಡು ಸಲ ಲಾಲ್‌ಬಾಗಿನಲ್ಲಿ ಫಲಪುಷ್ಪ ಪ್ರದರ್ಶನ ನಡೆಯುತ್ತದಲ್ಲ, ಜನವರಿಯಲ್ಲೊಂದು, ಆಗಸ್ಟಿನಲ್ಲೊಂದು, ಅದು ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯೋತ್ಸವದ ಲೆಕ್ಕದಲ್ಲಿ ಬರುವ ಹೂ. ಪರಿಷೆ ಮಾತ್ರ ಫಸಲಿನ ಲೆಕ್ಕದಲ್ಲಿ ಬರುತ್ತದೆ. ಬೆಂಗಳೂರಿನಲ್ಲಿ ಋತುವನ್ನು ನಂಬಿಕೊಂಡು ಉಳಿದ ದೊಡ್ಡ ಸಂಭ್ರಮವೆಂದರೆ ನನ್ನ ಮಟ್ಟಿಗೆ ಇದೇ.

ನಾನು ಶೇಂಗಾ ಕೊಂಡದ್ದು ರಸ್ತೆಯ ಅಂಚಿನಲ್ಲಿ ತಾಡಪತ್ರಿ ಹಾಸಿ ಕುಳಿತ ಒಬ್ಬ ಹೆಂಗಸಿನ ಹತ್ತಿರ. ನನ್ನದೇ ವಯಸ್ಸು. ತಮಿಳುನಾಡಿನ ಕಡೆಯವಳು, ಕನ್ನಡ ತಮಿಳು ಕೂಡಿಸಿ ಮಾತಾಡುತ್ತಿದ್ದಳು. ಶನಿವಾರ ರಾತ್ರಿಯೇ ಲಾರಿಯಲ್ಲಿ ಬಂದು ಜಾಗ ಹಿಡಿದವಳಂತೆ. ನಾನು ಕಬ್ಬನ್ ಪಾರ್ಕಿನಲ್ಲಿ ಕಾಲು ಮೇಲೆ ತೆಗೆದುಕೊಂಡು ಕುಳಿತಿದ್ದೆನಲ್ಲ, ಅದೇ ಶನಿವಾರ. ಚೀಲ ಬಿಟ್ಟು ಏಳುವಂತಿಲ್ಲ, ಮಂಜಿನಲ್ಲಿ ಚೀಲಕ್ಕೇ ಒರಗಿ ಎರಡು ರಾತ್ರಿ ಕಳೆದಿದ್ದಳು. ಹಸಿ ಕಾಯಿ ಅಳೆದು ಹಾಕಿ, ಮೇಲೊಂದು ಮುಷ್ಟಿ ಕೊಸರು ಹಾಕಿ, ದನಿ ತಗ್ಗಿಸಿ ನನ್ನನ್ನು ಕೇಳಿದಳು: ‘ಅಮ್ಮಾ, ಇಲ್ಲಿ ಹತ್ತಿರ ಲೇಡೀಸು ಹೋಗೋಕೆ ಜಾಗ ಎಲ್ಲಿದೆ?’

ನನಗೆ ಗೊತ್ತಿರಲಿಲ್ಲ. ಅಕ್ಕಪಕ್ಕ ಕೇಳಿ ಬಂದು ಹೇಳಿದೆ. ಅವಳು ಹೋಗಿ ಬರುವ ತನಕ ಅವಳ ತಾಡಪತ್ರಿಯ ಮೇಲೆ ನಾನು ಕುಳಿತೆ. ಇಪ್ಪತ್ತೈದು ನಿಮಿಷ ಹಿಡಿಯಿತು. ಅಷ್ಟರಲ್ಲಿ ಎರಡು ಸೇರು ಮಾರಿದೆ. ಚೌಕಾಶಿ ಮಾಡಿದವನೊಬ್ಬನಿಗೆ ಶಾಲೆಯ ದನಿಯಲ್ಲೇ ಉತ್ತರ ಕೊಟ್ಟೆ. ಎದುರಿನಿಂದ ಪರಿಷೆ ನೋಡುವುದೇ ಬೇರೆ, ತಾಡಪತ್ರಿಯ ಮೇಲೆ ಕುಳಿತು ನೋಡುವುದೇ ಬೇರೆ. ಕೆಳಗಿನಿಂದ ಬರೇ ಕಾಲುಗಳು ಕಾಣುತ್ತವೆ, ಚಪ್ಪಲಿಗಳು, ಸಿಪ್ಪೆ, ಧೂಳು. ಯಾರದೂ ಮುಖ ಕಾಣಬೇಕಾದರೆ ಅವರಾಗಿ ಬಗ್ಗಬೇಕು. ನಮ್ಮೂರ ಪ್ರಬಂಧದಲ್ಲಿ ಅವ್ವ ಒಂದು ವಾಕ್ಯವಾದರೆ, ಮಾರನೆಯ ದಿನದ ಪತ್ರಿಕೆಗಳಲ್ಲಿ ಬಂದ ಪರಿಷೆಯ ಬಣ್ಣದ ಚಿತ್ರಗಳಲ್ಲಿ ಈಕೆಯ ಕೈ ಮತ್ತು ಸೇರು ಇದ್ದವು, ಮುಖವಿರಲಿಲ್ಲ. ಈಕೆಯದೇ ಕೈ ಎಂದು ನಾನು ಹೇಳುತ್ತಿಲ್ಲ. ಇಂಥದೇ ಒಂದು ಕೈ.

ನನ್ನ ಹಳೆಯ ಪ್ರಬಂಧದ ಮೇಲಿನ ಆಕ್ಷೇಪವೂ ಇದೇ. ಅದು ಸುಳ್ಳು ಹೇಳಿತ್ತೆಂದಲ್ಲ. ಅದರಲ್ಲಿದ್ದ ಪ್ರತಿಯೊಂದು ವಸ್ತುವೂ ನಿಜ. ಸುಳ್ಳಿದ್ದದ್ದು ನಿಂತ ಜಾಗದಲ್ಲಿ. ಊರು, ಪಟ್ಟಣ ಎಂದು ಎರಡು ಪಾಲು ಮಾಡಿ ಒಂದನ್ನು ಹೊಗಳಿ ಒಂದನ್ನು ತೆಗಳುವುದರಲ್ಲಿ ನಾವು ಎಷ್ಟು ಮಗ್ನರಾಗಿದ್ದೇವೆಂದರೆ ಎರಡೂ ಕಡೆ ಬುಟ್ಟಿ ಹೊತ್ತವಳು ಒಬ್ಬಳೇ ಎಂಬುದು ಕಾಣುವುದಿಲ್ಲ. ಬೆಳಗಿನಲ್ಲಿ ಕಬ್ಬನ್ ಪಾರ್ಕಿನ ಆಕಾಶಮಲ್ಲಿಗೆಯ ಹೂವನ್ನು ನಾನು ಬೊಗಸೆಯಲ್ಲಿ ಎತ್ತಿಕೊಳ್ಳುವಾಗ ಹಿಂದೆಯೇ ಇಬ್ಬರು ಹೆಂಗಸರು ಉದ್ದ ಕಸಬರಿಗೆ ಹಿಡಿದು ಅವನ್ನು ಗುಡಿಸಿ ಚೀಲಕ್ಕೆ ತುಂಬುತ್ತಿದ್ದರು. ಅವರಿಗೆ ಆ ಹೂ ಕಸ. ಆ ಕಸದ ಮಾತನ್ನು ನಾನು ಮೇಲೆ ಬಿದಿರು ಮೆಳೆಯ ವರ್ಣನೆ ಮಾಡುವಾಗ ಬಿಟ್ಟಿದ್ದೆ, ನೋಡಿ. ಚಟ ಅಷ್ಟು ಸುಲಭಕ್ಕೆ ಹೋಗುವುದಿಲ್ಲ.

2025ರ ಸೀಗಿ ಹುಣ್ಣಿಮೆ ಅಕ್ಟೋಬರಿನ ಮೊದಲ ವಾರ ದಾಟುತ್ತ ಬಂತು. ಆ ವರ್ಷ ದಸರಾ ರಜೆಯಲ್ಲಿ ಶಿಕ್ಷಕರಿಗೆಲ್ಲ ಸಮೀಕ್ಷೆಯ ಕೆಲಸ ಹಚ್ಚಿದ್ದರು. ಮನೆ ಮನೆ ತಿರುಗಿ ಮೊಬೈಲಿನಲ್ಲಿ ಉತ್ತರ ತುಂಬಿ ತುಂಬಿ ನನ್ನ ಕೈ ಕಾಲು ಸೋತಿದ್ದವು. ಧೈರ್ಯ ಮಾಡಿ ಅತ್ತೆಗೆ ಹೇಳಿದೆ, ‘ಈ ವರ್ಷ ರೊಟ್ಟಿ, ಹೋಳ್ಗಿ ಹೊರಗಿಂದ ತರಸೋಣ್ರಿ. ನಾವು ನಸಕ್ನ್ಯಾಗ ಎಲ್ಲಾರ ಜೊತಿ ಹೊಲಕ್ಕ ಹೋಗೋಣು.’ ಎಂಬತ್ತರ ಅಂಚಿನ ಅತ್ತೆ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ಭೂಮ್ತಾಯಿಗೆ ಮಾತ್ರ ಮನ್ಯಾಗ ಐದು ಕಡಬು ಮಾಡೂಣು’ ಅಂದರು. ಒಪ್ಪಿದೆ.

ಹೊಲದಲ್ಲಿ ಸೂರ್ಯ ಹುಟ್ಟುವುದನ್ನು ನೋಡಿದೆ. ಹತ್ತಿಯ ಎಲೆಗಳ ಮೇಲೆ ಇಬ್ಬನಿ ಇತ್ತು. ನನ್ನ ಪ್ರಬಂಧದಲ್ಲಿ ಬರೆದದ್ದಕ್ಕಿಂತ ಬಿಸಿಲು ಬೇಗ ಸುಡತೊಡಗಿತು, ಸೀರೆಯ ಅಂಚಿಗೆಲ್ಲ ಉತ್ರಾಣಿ ಅಂಟಿತು. ಅತ್ತೆ ಬದುವಿನ ಮೇಲೆ ಕುಳಿತು ತಮ್ಮ ಮದುವೆಯಾದ ಹೊಸತರಲ್ಲಿ ಅಲ್ಲಿ ಯಾವ ಯಾವ ಗಿಡಗಳಿದ್ದವೆಂದು ಬೆರಳು ಮಾಡಿ ತೋರಿಸಿದರು. ಅಷ್ಟು ವರ್ಷದಲ್ಲಿ ಅವರ ಬಾಯಿಂದ ಆ ಮಾತು ನಾನು ಕೇಳಿದ್ದು ಅದೇ ಮೊದಲು. ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡು ‘ಎಳ್ಳು ಕಮ್ಮಿ ಹಚ್ಚ್ಯಾಳ’ ಅಂದರು.

ಆ ರೊಟ್ಟಿ ಬಡಿದವಳು ನಮ್ಮ ಓಣಿಯವಳೇ. ನಸುಕಿನಲ್ಲಿ ರೊಟ್ಟಿಯ ಗಂಟು ಇಸಿದುಕೊಳ್ಳಲು ಹೋದಾಗ ಎಷ್ಟು ಹೊತ್ತಿಗೆ ಎದ್ದಿದ್ದೀ ಎಂದು ಕೇಳಿದ್ದೆ.

‘ಮಲಗಿಲ್ರೀ ಟೀಚರ. ಇವತ್ತ ಎಲ್ಲಾರದೂ ಆರ್ಡರ್ ಅದಾವು.’

‘ನಿಮ್ಮ ಹೊಲ?’

‘ನಮ್ಮದೆಲ್ಲೈತ್ರೀ ಹೊಲಾ.’

ನಮ್ಮ ಹೊಲಕ್ಕೆ ಬಾ ಎಂದು ಕರೆದು ಬಂದಿದ್ದೆ. ಬರಲಿಕ್ಕಿಲ್ಲ ಅಂದುಕೊಂಡಿದ್ದೆ. ಮಧ್ಯಾಹ್ನ ಮೂರರ ಹೊತ್ತಿಗೆ ಸಣ್ಣ ಮಗಳ ಕೈ ಹಿಡಿದುಕೊಂಡು ಬಂದಳು. ಎಲೆ ಹಾಕಿ ಬಡಿಸಿದೆವು. ಹುಡುಗಿ ಹೊಟ್ಟೆ ತುಂಬ ಉಂಡಿತು, ಅವಳು ಎರಡು ತುತ್ತು ಬುತ್ತಿಯನ್ನ ತಿಂದು ಬನ್ನಿಗಿಡದ ಕೆಳಗೆ ಸೆರಗು ಮುಖಕ್ಕೆ ಎಳೆದುಕೊಂಡು ಮಲಗಿಬಿಟ್ಟಳು. ಬಂಡಿ ಹೂಡುವ ಹೊತ್ತಾಯಿತೆಂದು ನಮ್ಮವರು ದೂರದಿಂದ ಕೂಗುತ್ತಿದ್ದರು. ಅತ್ತೆ ಕೈಯೆತ್ತಿ, ತಡೀರಿ ಎಂದು ಸನ್ನೆ ಮಾಡಿದರು.